ಅಂಗವೋ, ಅಲಂಕಾರವೋ?

ಕಾಗೆಯ ಬಾಯಲ್ಲಿ ಹಲ್ಲುಗಳೆಷ್ಟೆಂದು ಎಣಿಸಹೊರಡುವುದನ್ನು ನಮ್ಮ ಶಾಸ್ತ್ರಕಾರರು ಕಾಕದಂತಪರೀಕ್ಷೆಯೆಂದು ಹಾಸ್ಯಮಾಡಿರುವರಷ್ಟೆ. ಕನ್ನಡಕದ ಗಾಜಿನ ಮೇಲಣ ಲೇಪವನ್ನು ಕುರಿತೂ, ಆ ಲೇಪದ ಬೆಲೆಯನ್ನು ಯಾರು ತೆರಬೇಕೆಂಬುದನ್ನು ಕುರಿತೂ ನಿವೃತ್ತನಾದ ಉಪಾಧ್ಯಾಯನೊಬ್ಬನು ಬರೆಯಹೊರಟರೆ, ವಾಚಕರಿಗೆ ಆ ನ್ಯಾಯವು ನೆನಪಿಗೆ ಬರುವುದು ಸಹಜವೇ. ವಿಷಯವು ಅಲ್ಪವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದರ ಬೆನ್ನಿಗೆ ಅಲ್ಪವಲ್ಲದ ಪ್ರಶ್ನೆಯೊಂದು ಅಂಟಿಕೊಂಡಿದೆ. ಹಲವರು ಕೂಡಿ ಹಣವಿಟ್ಟ ನಿಧಿಯಿಂದ ಒಬ್ಬನಿಗೆ ಸಹಾಯವು ಸಲ್ಲತಕ್ಕ ಸಂದರ್ಭದಲ್ಲಿ, ಅವನಿಗೆ ಇದು ಬೇಕಾದುದು, ಇದು ಬೇಡವಾದುದು ಎಂಬ ಗೆರೆಯನ್ನು ಎಳೆಯತಕ್ಕವರು ಯಾರು? ಯಾವ ಪ್ರಮಾಣವನ್ನು ಹಿಡಿದು ಎಳೆಯತಕ್ಕದ್ದು?

ಈ ಪ್ರಶ್ನೆಯು ನನಗೆ ಎದುರಾದದ್ದು ಅಮೆರಿಕಾ ದೇಶದಲ್ಲಿ. ನನ್ನ ಮಗಳು ಅಲ್ಲಿಯ ನ್ಯೂಜರ್ಸಿ ಸಂಸ್ಥಾನದಲ್ಲಿ ಆಸ್ಪತ್ರೆಯೊಂದರ ಉದ್ಯೋಗದಲ್ಲಿರುವಳು. 2024ನೆಯ ಇಸವಿಯಲ್ಲಿ ನಾನೂ ನನ್ನ ಮನೆಯವರೂ ಹೋಗಿ ಅವಳಲ್ಲಿ ಕೆಲವು ತಿಂಗಳು ಇದ್ದೆವು. ಅವಳಿಗೆ ಚಿಕ್ಕಂದಿನಿಂದಲೂ ಹ್ರಸ್ವದೃಷ್ಟಿ. ಹತ್ತಿರದ್ದು ಕಾಣುವುದು, ದೂರದ್ದು ಕಾಣದು. ಸರದಿಯ ಕೆಲಸವಾದುದರಿಂದ ವಾರದಲ್ಲಿ ಮೂರು ನಾಲ್ಕು ದಿನ ನಡುರಾತ್ರಿಯಲ್ಲಿ ತಾನೇ ಕಾರನ್ನು ನಡೆಸಿಕೊಂಡು ಮನೆಗೆ ಬರಬೇಕು. ಹಳೆಯ ಕನ್ನಡಕವು ಸವೆದುದರಿಂದ ಹೊಸದನ್ನು ಕೊಳ್ಳಲು ಒಂದು ಶನಿವಾರ ಅಂಗಡಿಗೆ ಹೊರಟಳು. ಜೊತೆಗೆ ನನ್ನನ್ನೂ ಕರೆದುಕೊಂಡು ಹೋದಳು. ಅಲ್ಲಿಯ ಗುಮಾಸ್ತೆಯು ಒಂದು ಪಟ್ಟಿಯನ್ನು ಮುಂದಿಟ್ಟಳು. ಮಸೂರದ ಬೆಲೆಗೆ ಅವಳ ವಿಷನ್ ಪ್ಲಾನಿನ ಆಧಾರವುಂಟು. ಕೈಯಿಂದ 25 ಡಾಲರು ಕೊಟ್ಟರೆ ಸಾಕು. ಆದರೆ ಅದರ ಕೆಳಗೆ ಬೇರೊಂದು ಸಾಲು: ಪ್ರತಿಫಲನವನ್ನು ತಡೆಯುವ ಲೇಪ, ಅದರಲ್ಲಿಯೇ ಮೂರು ದರ್ಜೆಗಳು, ಗೀಚು ಬೀಳದಂತೆ ಕಾಯುವ ಲೇಪ, ಅತಿನೇರಳೆ ಕಿರಣಗಳನ್ನು ತಡೆಯುವ ಲೇಪ, ನೀಲಿಯ ಬೆಳಕನ್ನು ತಡೆಯುವ ಲೇಪ. ಒಂದೊಂದರ ಎದುರಿಗೂ ಬೇರೆ ಬೇರೆ ಬೆಲೆ. ಇವೆಲ್ಲವೂ 'ಹೆಚ್ಚಿಗೆಯವು', ಕೊಳ್ಳುವವರು ತಮ್ಮ ಹಣದಿಂದ ಕೊಳ್ಳತಕ್ಕದ್ದು.

ನನ್ನ ಮಗಳು ಪಟ್ಟಿಯನ್ನು ನನ್ನ ಕಡೆಗೆ ತಿರುಗಿಸಿ, "ಅಪ್ಪಾ, ಇದೆಲ್ಲಾ ಬೇಕೇ ಬೇಕಾ? ಇಲ್ಲದಿದ್ದರೆ ನಡೆಯೋದಿಲ್ಲವಾ?" ಎಂದು ಕೇಳಿದಳು. ನಾನು ಕೂಡಲೆ ಉತ್ತರ ಕೊಡಲಿಲ್ಲ. ಯಾತಕ್ಕೆಂದರೆ, ಹೆಚ್ಚು ಕಡಿಮೆ ಇದೇ ಪ್ರಶ್ನೆಗೆ ಹಿಂದೊಮ್ಮೆ ಕೂಡಲೆ ಉತ್ತರ ಕೊಟ್ಟು ನಾನು ಕೆಟ್ಟಿದ್ದೆನು. ಆ ಸಂಗತಿಯನ್ನು ಆಮೇಲೆ ಹೇಳುವೆನು.

ಮೊದಲು ಈ ಯೋಜನೆಯ ಸ್ವರೂಪವನ್ನು ತಿಳಿಯಬೇಕು. ಅಮೆರಿಕಾದಲ್ಲಿ ರೋಗಚಿಕಿತ್ಸೆಯ ವಿಮೆಯು ಬೇರೆ, ಕನ್ನಡಕಕ್ಕೆ ಸಂಬಂಧಿಸಿದ ವಿಷನ್ ಪ್ಲಾನ್ ಬೇರೆ. 1955ರಲ್ಲಿ ಕ್ಯಾಲಿಫೋರ್ನಿಯದ ಓಕ್ಲೆಂಡಿನಲ್ಲಿ ದೃಷ್ಟಿಪರೀಕ್ಷಕರು ಕೆಲವರು ಕೂಡಿ ಇಂಥದೊಂದು ಸಂಸ್ಥೆಯನ್ನು ಆರಂಭಿಸಿದರು. ವಿಷನ್ ಸರ್ವಿಸ್ ಪ್ಲಾನ್ ಎಂಬ ಹೆಸರಿನಿಂದ ಅದು ದೊಡ್ಡದಾಗಿ ಬೆಳೆಯಿತು. ಸಾಮಾನ್ಯವಾಗಿ ಉದ್ಯೋಗ ಕೊಟ್ಟವರ ಮೂಲಕ ಜನರು ಇದಕ್ಕೆ ಸೇರುವರು; ಸಂಬಳದಲ್ಲಿ ತಿಂಗಳಿಗೆ ಇಷ್ಟೆಂದು ಸಣ್ಣ ಮೊತ್ತವೊಂದು ಮುರಿದುಹೋಗುವುದು. ಪ್ರತಿಯಾಗಿ ಗೊತ್ತಾದ ಅವಧಿಗೊಮ್ಮೆ ಕಣ್ಣಿನ ಪರೀಕ್ಷೆ, ಒಂದು ಜೊತೆ ಮಸೂರ, ಒಂದು ಮಿತಿಯವರೆಗೆ ಚೌಕಟ್ಟಿನ ಬೆಲೆ, ಇಷ್ಟು ದೊರೆಯುವುದು. ನೆಟ್ಟಗೆ ನೋಡಿದರೆ ಇದು ವಿಮೆಯಲ್ಲ. ವಿಮೆಯೆಂಬುದು ಬರುವುದೋ ಬಾರದೋ ತಿಳಿಯದ ವಿಪತ್ತಿಗೆ ಕಟ್ಟಿದ ಒಡ್ಡು. ಇಲ್ಲಿಯಾದರೋ, ಸೇರುವವರಲ್ಲಿ ಬಹುಮಂದಿಗೆ ತಮಗೆ ಕನ್ನಡಕವು ಬೇಕೆಂಬುದು ಮೊದಲೇ ಗೊತ್ತು. ಆದಕಾರಣ ಇದು ಮುಂಗಡವಾಗಿ ಹಣವನ್ನು ಕಟ್ಟಿ, ಒಟ್ಟಾಗಿ ಚೌಕಾಸಿಮಾಡಿ, ಬೆಲೆಯನ್ನು ಇಳಿಸಿಕೊಳ್ಳತಕ್ಕ ಒಪ್ಪಂದ. ಲೇಪಗಳ ವಿಷಯದಲ್ಲಿಯೂ ಯೋಜನೆಯು ಸುಮ್ಮನೆ ಕೈಬಿಡುವುದಿಲ್ಲ. ಸಾಮಾನ್ಯವಾಗಿ ಒಂದೊಂದು ದರ್ಜೆಗೂ ಇಷ್ಟಕ್ಕಿಂತ ಹೆಚ್ಚು ತೆಗೆದುಕೊಳ್ಳಕೂಡದೆಂದು ತನ್ನ ಬಳಗದ ಅಂಗಡಿಗಳಿಗೆ ಕಟ್ಟುಮಾಡಿರುವುದು. ಆದಾಗ್ಯೂ ಆ ಹಣವನ್ನು ತೆರತಕ್ಕವನು ಕನ್ನಡಕವನ್ನು ಧರಿಸುವವನೇ.

ಇನ್ನು ಈ ಲೇಪವೆಂದರೇನು? ಗಾಜನ್ನು ಪಾರದರ್ಶಕವೆಂದು ಕರೆಯುವೆವಾದರೂ, ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲಾ ಅದು ಒಳಕ್ಕೆ ಬಿಡುವುದಿಲ್ಲ. ಸಾಧಾರಣವಾದ ಮಸೂರದ ಒಂದೊಂದು ಮುಖದಿಂದಲೂ ನೂರಕ್ಕೆ ಸುಮಾರು 4 ಪಾಲು ಬೆಳಕು ಹಿಂದಿರುಗುವುದು. ಎರಡು ಮುಖಗಳೂ ಸೇರಿ ಸುಮಾರು 8 ಪಾಲು. ದೋಷವು ಹೆಚ್ಚಾದಂತೆ ಮಸೂರವು ದಪ್ಪವಾಗುವುದರಿಂದ, ಅದನ್ನು ತೆಳುವಾಗಿಸಲು ಬೆಳಕನ್ನು ಹೆಚ್ಚು ಬಾಗಿಸತಕ್ಕ ದ್ರವ್ಯವನ್ನು ಬಳಸುವರು. ಆ ದ್ರವ್ಯವು ಪ್ರತಿಫಲಿಸುವುದೂ ಹೆಚ್ಚು, ವಕ್ರೀಭವನಾಂಕವು 1.67 ಇರುವ ಮಸೂರದಲ್ಲಿ ನಷ್ಟವು ನೂರಕ್ಕೆ ಸುಮಾರು 12 ಪಾಲಿಗೆ ಏರುವುದು. ಹಗಲಿನಲ್ಲಿ ಈ ನಷ್ಟವು ಯಾರ ಗಮನಕ್ಕೂ ಬಾರದು. ರಾತ್ರಿಯಲ್ಲಿ ಬಾಧಿಸುವುದು ನಷ್ಟಕ್ಕಿಂತ ಹೆಚ್ಚಾಗಿ ದಾರಿ ತಪ್ಪಿದ ಬೆಳಕು. ಎದುರಿನಿಂದ ಬರುವ ಗಾಡಿಯ ದೀಪವು ಮಸೂರದ ಎರಡು ಮುಖಗಳ ನಡುವೆ ಹೊಯ್ದಾಡಿ, ನಿಜವಾದ ದೀಪದ ಪಕ್ಕದಲ್ಲಿ ಮಸುಕಾದ ಇನ್ನೊಂದು ದೀಪವನ್ನು ತೋರಿಸುವುದು. ಹಿಂದಿನ ಗಾಡಿಯ ದೀಪವು ಮಸೂರದ ಒಳಮುಖಕ್ಕೆ ತಾಗಿ ಕಣ್ಣಿಗೆ ಹೊಡೆಯುವುದು.

ಇದಕ್ಕೆ ಪರಿಹಾರವು ದೊರೆತ ಬಗೆಯು ಸ್ವಾರಸ್ಯವಾಗಿದೆ. 1886ರಲ್ಲಿ ಇಂಗ್ಲೆಂಡಿನ ವಿಜ್ಞಾನಿಯಾದ ಲಾರ್ಡ್ ರೇಲಿಯವರು ಹಳೆಯದಾಗಿ ಮಂಕುಹಿಡಿದ ಗಾಜು ಹೊಸ ಗಾಜಿಗಿಂತ ಹೆಚ್ಚು ಬೆಳಕನ್ನು ಒಳಕ್ಕೆ ಬಿಡುವುದೆಂದು ಕಂಡುಕೊಂಡರು. ಯಾವುದನ್ನು ಕಲೆಯೆಂದು ಎಣಿಸಿದ್ದರೋ ಅದೇ ಉಪಕಾರಕವಾಗಿತ್ತು! 1935ರಲ್ಲಿ ಜರ್ಮನಿಯ ಯೇನಾ ನಗರದಲ್ಲಿ ಜೈಸ್ ಕಾರ್ಖಾನೆಯ ಅಲೆಕ್ಸಾಂಡರ್ ಸ್ಮಾಕುಲ ಎಂಬವರು ಇಂಥ ಪೊರೆಯನ್ನು ಬುದ್ಧಿಪೂರ್ವಕವಾಗಿ ಹಚ್ಚುವ ವಿಧಾನವನ್ನು ಸಾಧಿಸಿದರು. 1938ರಲ್ಲಿ ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಪ್ರಯೋಗಶಾಲೆಯ ಕ್ಯಾಥರೀನ್ ಬ್ಲಾಜೆಟ್ ಎಂಬ ವಿದುಷಿಯು, ಅಣುವೊಂದರ ದಪ್ಪವುಳ್ಳ ಸಾಬೂನಿನ ಪೊರೆಗಳನ್ನು ಒಂದರ ಮೇಲೊಂದರಂತೆ 44 ಸಲ ಹಚ್ಚಿ, ಪ್ರತಿಫಲನವೇ ಇಲ್ಲದಂಥ ಗಾಜನ್ನು ಮಾಡಿ ತೋರಿಸಿದರು. ಪೊರೆಯು ಬೆಳಕಿನ ಅಲೆಯ ಕಾಲುಪಾಲಿನಷ್ಟು ದಪ್ಪವಾಗಿರಬೇಕು. ಆಗ ಅದರ ಮೇಲ್ಮೈಯಿಂದ ಮರಳುವ ಅಲೆಯ ಏರು, ತಳದಿಂದ ಮರಳುವ ಅಲೆಯ ತಗ್ಗಿನೊಡನೆ ಕೂಡಿ ಎರಡೂ ಅಡಗಿಹೋಗುವುವು. ಮರಳಬೇಕಾಗಿದ್ದ ಬೆಳಕು ಒಳಕ್ಕೆ ನಡೆಯುವುದು. ಇಂದಿನ ಕನ್ನಡಕಗಳಲ್ಲಿ ಇಂಥ ಪೊರೆಗಳು ಹಲವು. ಅವುಗಳ ಬಲದಿಂದ ನೂರಕ್ಕೆ 99 ಪಾಲು ಬೆಳಕು ಕಣ್ಣಿಗೆ ಸೇರುವುದು.

ಈಗ ಪ್ರಕೃತಕ್ಕೆ ಬರೋಣ. ಈ ಲೇಪವು ನೋಟಕ್ಕೆ ಅಂಗವೋ, ಅಲಂಕಾರವೋ?

ಪಾಠಶಾಲೆಯಲ್ಲಿ ಓದಿದವನಾದುದರಿಂದ ನನಗೆ ಇಲ್ಲಿ ಮೀಮಾಂಸಕರ ವಿಚಾರವು ನೆನಪಿಗೆ ಬರುವುದು. ಜೈಮಿನಿಯ ಸೂತ್ರಗಳ ನಾಲ್ಕನೆಯ ಅಧ್ಯಾಯದಲ್ಲಿ, ಯಾವುದು ಕ್ರತುವಿಗಾಗಿ ಇರತಕ್ಕದ್ದು, ಯಾವುದು ಪುರುಷನ ಬಯಕೆಗಾಗಿ ಇರತಕ್ಕದ್ದು ಎಂಬ ವಿಭಾಗವನ್ನು ಮಾಡಿದೆ. ದರ್ಶಪೂರ್ಣಮಾಸ ಯಾಗದಲ್ಲಿ ನೀರನ್ನು ತರುವುದು ಯಾಗಕ್ಕೆ ಅಂಗ. ಸಾಮಾನ್ಯವಾಗಿ ಅದನ್ನು ಚಮಸವೆಂಬ ಪಾತ್ರೆಯಲ್ಲಿ ತರಬೇಕು. ಪಶುಸಂಪತ್ತನ್ನು ಬಯಸುವವನಾದರೆ ಹಾಲು ಕರೆಯುವ ಪಾತ್ರೆಯಲ್ಲಿ ತರಬೇಕು. ನೀರು ಕ್ರತುವಿಗಾಗಿ, ಹಾಲಿನ ಪಾತ್ರೆಯು ಯಜಮಾನನ ಬಯಕೆಗಾಗಿ. ಯೋಜನೆಯ ಪಕ್ಷವನ್ನು ಹಿಡಿದವರು ಈ ದೃಷ್ಟಾಂತವನ್ನು ಸಂತೋಷದಿಂದ ಸ್ವೀಕರಿಸುವರು. ಮಸೂರವು ನೋಟಕ್ಕೆ ಅಂಗ, ಅದರ ಬೆಲೆಯನ್ನು ನಿಧಿಯು ಕೊಡುವುದು. ಲೇಪವು ಹಾಲಿನ ಪಾತ್ರೆ, ಬಯಸಿದವನು ತನ್ನ ಹಣದಿಂದ ತರಲಿ.

ಪೂರ್ವಪಕ್ಷವನ್ನು ದುರ್ಬಲಗೊಳಿಸಿ ಹೇಳುವುದು ವಿದ್ವಾಂಸರ ಲಕ್ಷಣವಲ್ಲ. ಅವರ ಮಾತಿನಲ್ಲಿ ಸಾರವುಂಟು. ನಿಧಿಯಲ್ಲಿರುವ ಹಣವು ಎಲ್ಲರದು. ಒಬ್ಬನು ಬೇಡಿದ ಲೇಪಕ್ಕೆಲ್ಲಾ ನಿಧಿಯು ಹಣ ಕೊಟ್ಟರೆ, ಅದನ್ನು ಬೇಡದವನ ತಿಂಗಳ ಪಾಲೂ ಏರುವುದು. ಸಂಬಳ ಕಡಿಮೆಯಿದ್ದವನಿಗೆ ಸೇರುವುದೇ ಕಷ್ಟವಾಗುವುದು. ಬಯಕೆಗಳಿಗೆ ಕೊನೆಯೆಂಬುದೂ ಇಲ್ಲ. ಅಂಗಡಿಯವರು ಹೊಗಳುವ ಲೇಪಗಳೆಲ್ಲವೂ ಉಪಯುಕ್ತವೆಂದೂ ಹೇಳುವಂತಿಲ್ಲ. ನೀಲಿಯ ಬೆಳಕನ್ನು ತಡೆಯುವ ಮಸೂರಗಳ ವಿಷಯದಲ್ಲಿ ನಡೆದ 17 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯವರು 2023ರಲ್ಲಿ ಪರಿಶೀಲಿಸಿ, ಗಣಕಯಂತ್ರದ ಮುಂದೆ ಕುಳಿತವರ ಕಣ್ಣಿನ ಆಯಾಸವನ್ನು ಅವು ಸಾಧಾರಣ ಮಸೂರಗಳಿಗಿಂತ ಹೆಚ್ಚಾಗಿ ಕಡಿಮೆಮಾಡುವಂತೆ ತೋರುವುದಿಲ್ಲವೆಂದು ತಿಳಿಸಿದರು. ಪಾಲಿಕಾರ್ಬೊನೇಟ್ ಎಂಬ ದ್ರವ್ಯವು ಅತಿನೇರಳೆ ಕಿರಣಗಳನ್ನು ತಾನೇ ತಡೆಯುವುದು; ಅದರ ಮೇಲೆ ಅದೇ ಉದ್ದೇಶಕ್ಕಾಗಿ ಇನ್ನೊಂದು ಲೇಪವನ್ನು ಮಾರುವುದು ಹಿಟ್ಟನ್ನೇ ಮತ್ತೆ ಬೀಸಿಕೊಡುವಂತೆ. ಇಂಥವುಗಳಿಗೆ ಸಾಮಾನ್ಯನಿಧಿಯಿಂದ ಹಣ ಕೊಡುವುದಿಲ್ಲವೆಂದರೆ ಅದು ಲೋಭವಲ್ಲ, ಧರ್ಮವೇ.

ಹಾಗಾದರೆ ತಪ್ಪೆಲ್ಲಿ? ನನಗೆ ತೋರುವಮಟ್ಟಿಗೆ, ಗೆರೆಯನ್ನು ಎಳೆದುದು ತಪ್ಪಲ್ಲ. ವಸ್ತುವನ್ನು ನೋಡಿ ಎಳೆದು, ಮನುಷ್ಯನನ್ನು ನೋಡದೆ ಬಿಟ್ಟದ್ದು ತಪ್ಪು. ಮೀಮಾಂಸಕರು ಇದನ್ನೂ ಯೋಚಿಸಿಟ್ಟಿರುವರು. ಅಗ್ನಿಹೋತ್ರದಲ್ಲಿ ಮೊಸರಿನಿಂದ ಹೋಮಮಾಡಬೇಕೆಂದು ಒಂದು ವಿಧಿ. ಇಂದ್ರಿಯಗಳ ಪಾಟವವನ್ನು ಬಯಸುವವನು ಮೊಸರಿನಿಂದ ಹೋಮಮಾಡಬೇಕೆಂದು ಇನ್ನೊಂದು ವಿಧಿ. ಮೊಸರು ಒಂದೇ. ಮೊದಲನೆಯ ಕಡೆಯಲ್ಲಿ ಅದು ಕ್ರತುವಿಗಾಗಿ, ಎರಡನೆಯ ಕಡೆಯಲ್ಲಿ ಪುರುಷನ ಬಯಕೆಗಾಗಿ. ಸಂಬಂಧವು ಬೇರೆಯಾದರೆ ಒಂದೇ ವಸ್ತುವು ಎರಡೂ ಆಗಬಹುದೆಂಬ ಈ ನಿರ್ಣಯಕ್ಕೆ ಸಂಯೋಗಪೃಥಕ್ತ್ವನ್ಯಾಯವೆಂದು ಹೆಸರು. ಹಗಲಿನಲ್ಲಿ ವರಾಂಡದಲ್ಲಿ ಕುಳಿತು ಪತ್ರಿಕೆಯನ್ನೋದುವ ನನ್ನಂಥ ಮುದುಕನಿಗೆ ಪ್ರತಿಫಲನವನ್ನು ತಡೆಯುವ ಲೇಪವು ಅಲಂಕಾರವೇ ಸರಿ; ಎದುರಿಗೆ ಕುಳಿತವರಿಗೆ ನನ್ನ ಕಣ್ಣುಗಳು ಚೆನ್ನಾಗಿ ಕಾಣುವುವು, ಅಷ್ಟೆ. ದಪ್ಪ ಮಸೂರವನ್ನು ಧರಿಸಿ ನಡುರಾತ್ರಿಯಲ್ಲಿ ಗಾಡಿ ನಡೆಸುವವಳಿಗೆ ಅದೇ ಲೇಪವು ನೋಟದ ಅಂಗ. ಅದಿಲ್ಲದೆ ಮಸೂರದ ಕೆಲಸವೇ ಅರ್ಧಕ್ಕೆ ನಿಂತಂತೆ. ಇಷ್ಟೇ ಅಲ್ಲ: ದೋಷವು ಹೆಚ್ಚಿದ್ದವರ ಮಸೂರವು ಹೆಚ್ಚು ಪ್ರತಿಫಲಿಸುವುದೆಂದು ಮೇಲೆ ಹೇಳಿದೆನಷ್ಟೆ. ಆದುದರಿಂದ ಲೇಪವನ್ನು ಎಲ್ಲರಿಗೂ ಸಮನಾಗಿ 'ಹೆಚ್ಚಿಗೆ' ಎಂದು ಬರೆದಾಗ, ಯಾರ ಕಣ್ಣು ಹೆಚ್ಚು ಮಂದವೋ ಅವರ ಕೈಯಿಂದಲೇ ಹೆಚ್ಚು ಹಣವು ಹೋಗುವುದು. ಪಟ್ಟಿಯಲ್ಲಿ ಸಮತೆ, ಫಲದಲ್ಲಿ ವೈಷಮ್ಯ.

ಮನುಷ್ಯನನ್ನು ನೋಡಿ ಗೆರೆಯನ್ನೆಳೆಯುವುದು ಅಸಾಧ್ಯವೆನ್ನುವವರಿಗೆ ಅದೇ ದೇಶದಲ್ಲಿಯೇ ಉತ್ತರವುಂಟು. 1965ರಲ್ಲಿ ಮುಖ್ಯವಾಗಿ ವೃದ್ಧರಿಗಾಗಿ ಸ್ಥಾಪಿತವಾದ ಮೆಡಿಕೇರ್ ಎಂಬ ಸರಕಾರೀ ವ್ಯವಸ್ಥೆಯು ಸಾಧಾರಣವಾಗಿ ಕನ್ನಡಕಕ್ಕೆ ಹಣ ಕೊಡುವುದಿಲ್ಲ. ಕಣ್ಣಿನ ಪೊರೆಯನ್ನು ತೆಗೆದು ಕೃತಕಮಸೂರವನ್ನು ಕೂರಿಸಿದಮೇಲೆ ಮಾತ್ರ ಒಂದು ಜೊತೆ ಕನ್ನಡಕಕ್ಕೆ ಕೊಡುವುದು. ಆಗಲೂ ಗೀಚು ತಡೆಯುವ ಲೇಪಕ್ಕೆ ಕೊಡುವುದಿಲ್ಲ. ಪ್ರತಿಫಲನವನ್ನು ತಡೆಯುವ ಲೇಪಕ್ಕೋ, ಚಿಕಿತ್ಸೆಮಾಡಿದ ವೈದ್ಯನು ಈ ರೋಗಿಗೆ ಇದು ಆವಶ್ಯಕವೆಂದು ಕಾರಣಸಹಿತವಾಗಿ ಬರೆದರೆ ಕೊಡುವುದು. ಒಡೆಯದಂಥ ಪಾಲಿಕಾರ್ಬೊನೇಟ್ ಮಸೂರಕ್ಕೆ, ಒಂದೇ ಕಣ್ಣಿನಲ್ಲಿ ದೃಷ್ಟಿಯಿರುವವನಾದರೆ ಕೊಡುವುದು. ಈ ಕೊನೆಯ ನಿಯಮವನ್ನು ಕೇಳಿದಾಗ ನನ್ನ ಮನಸ್ಸು ತುಂಬಿತು. ಎರಡು ಕಣ್ಣುಳ್ಳವನಿಗೆ ಒಡೆಯದ ಮಸೂರವು ಅನುಕೂಲ. ಒಕ್ಕಣ್ಣನಿಗೆ ಅದು ಉಳಿದ ಬೆಳಕಿನ ಕಾವಲು. ನಿಯಮವನ್ನು ಬರೆದವನು ಆ ಗಳಿಗೆಯಲ್ಲಿ ವಸ್ತುವನ್ನು ಬಿಟ್ಟು ಮನುಷ್ಯನ ಮುಖವನ್ನು ನೋಡಿರುವನು. ಅದೇ ವ್ಯವಸ್ಥೆಯು ಶಸ್ತ್ರಚಿಕಿತ್ಸೆಯಿಲ್ಲದೆ ವಯಸ್ಸಿನಿಂದ ಮಾತ್ರ ದೃಷ್ಟಿ ಮಂದವಾದ ವೃದ್ಧನಿಗೆ ಏನನ್ನೂ ಕೊಡದಿರುವುದು ಬೇರೆ ಮಾತು. ಅಲ್ಲಿ ಆ ಮುಖವನ್ನು ನೋಡಲು ಮರೆತಿರುವರು.

ಗೆರೆಯನ್ನು ಎಳೆಯತಕ್ಕವರು ಯಾರೆಂಬ ಪ್ರಶ್ನೆಯು ಇನ್ನೂ ಉಳಿದಿದೆ. ಮಾರುವವನೇ ಇದು ನಿಮಗೆ ಬೇಕೆಂದು ಹೇಳಿದರೆ ಆ ಮಾತನ್ನು ಆಪ್ತವಾಕ್ಯವೆಂದು ಎಣಿಸಲಾಗದು. ಆಪ್ತನೆಂದರೆ ವಿಷಯವನ್ನು ತಿಳಿದವನಷ್ಟೇ ಅಲ್ಲ, ಹೇಳುವುದರಲ್ಲಿ ಸ್ವಾರ್ಥವಿಲ್ಲದವನೂ ಆಗಿರಬೇಕು. ಅಮೆರಿಕಾದ ಫೆಡರಲ್ ಟ್ರೇಡ್ ಕಮಿಷನ್ನಿನವರು 1978ರಲ್ಲಿಯೇ ಒಂದು ನಿಯಮವನ್ನು ಮಾಡಿ, ಕಣ್ಣನ್ನು ಪರೀಕ್ಷಿಸಿದವನು ಕನ್ನಡಕದ ವಿವರವುಳ್ಳ ಚೀಟಿಯನ್ನು ರೋಗಿಯು ಕೇಳದಿದ್ದರೂ ಅವನ ಕೈಗೆ ಕೊಡತಕ್ಕದ್ದೆಂದೂ, ಅದಕ್ಕೆ ಬೇರೆ ಹಣವನ್ನು ತೆಗೆದುಕೊಳ್ಳಕೂಡದೆಂದೂ ಕಟ್ಟುಮಾಡಿದರು. ಚೀಟಿಯು ಸಂದಿತೆಂಬುದಕ್ಕೆ ರೋಗಿಯ ರುಜುವನ್ನು ಪಡೆಯಬೇಕೆಂದು 2024ರಲ್ಲಿ ಅದನ್ನು ಬಲಪಡಿಸಿದರು. ಪರೀಕ್ಷಿಸುವವನೂ ಮಾರುವವನೂ ಒಬ್ಬನೇ ಆದಾಗ ರೋಗಿಯು ಕಟ್ಟಿಗೆ ಬೀಳದಿರಲೆಂಬುದೇ ಅದರ ತಾತ್ಪರ್ಯ. ಆದರೆ ಕಾಲವು ಮುಂದುವರಿದಿದೆ. ಫ್ರಾನ್ಸಿನ ಎಸಿಲೋರ್ ಎಂಬ ಮಸೂರದ ಕಂಪೆನಿಯೂ ಇಟಲಿಯ ಲುಕ್ಸಾಟಿಕ ಎಂಬ ಚೌಕಟ್ಟಿನ ಕಂಪೆನಿಯೂ 2018ರಲ್ಲಿ ಒಂದಾದವು. ಕ್ರಿಜಾಲ್ ಎಂಬ ಲೇಪ, ಲೆನ್ಸ್‌ಕ್ರಾಫ್ಟರ್ಸ್ ಎಂಬ ಅಂಗಡಿಗಳು, ಐಮೆಡ್ ಎಂಬ ವಿಷನ್ ಪ್ಲಾನ್, ಇವು ಮೂರೂ ಆ ಒಂದೇ ಮನೆತನಕ್ಕೆ ಸೇರಿವೆ. ಇದರಿಂದಲೇ ಅನ್ಯಾಯವು ನಡೆಯುವುದೆಂದು ನಾನು ಹೇಳುವುದಿಲ್ಲ. ಆದರೆ ಲೇಪವನ್ನು ತಯಾರಿಸುವವನು, ಮಾರುವವನು, ಅದು 'ಹೆಚ್ಚಿಗೆಯದು' ಎಂದು ಪಟ್ಟಿಯಲ್ಲಿ ಬರೆಯುವವನು, ಮೂವರೂ ಒಂದೇ ಸೂರಿನಡಿಯಲ್ಲಿದ್ದರೆ, ತಕ್ಕಡಿಯನ್ನು ಹಿಡಿದವನ ಬೆರಳನ್ನು ಗಮನಿಸಬೇಕೆಂಬುದು ನಮ್ಮ ಸಂತೆಗೆ ಹೋಗುವ ಹೆಂಗಸರಿಗೂ ಗೊತ್ತಿರುವ ವಿವೇಕ.

ಇಷ್ಟೆಲ್ಲಾ ಪರದೇಶದವರ ಲೆಕ್ಕವನ್ನು ತೂಗಿದವನು ತನ್ನ ಲೆಕ್ಕವನ್ನೂ ಒಪ್ಪಿಸಬೇಕು. ಮೇಲೆ ಹೇಳುವೆನೆಂದ ಸಂಗತಿಯು ಇದು. 1989ರಲ್ಲಿ ನಾನು ತಾಲ್ಲೂಕು ಕೇಂದ್ರವೊಂದರ ಮಾಧ್ಯಮಿಕ ಶಾಲೆಯಲ್ಲಿದ್ದೆನು. ಏಳನೆಯ ತರಗತಿಯಲ್ಲಿ ಒಬ್ಬ ದರ್ಜಿಯ ಮಗನಿದ್ದನು. ಬಾಯಲ್ಲಿ ಕೇಳಿದರೆ ಚುರುಕಾಗಿ ಹೇಳುವನು. ಕರಿಹಲಗೆಯಿಂದ ಬರೆದುಕೊಂಡದ್ದೆಲ್ಲಾ ತಪ್ಪು. ಇದು ಅಲಕ್ಷ್ಯವೆಂದು ನಿಶ್ಚಯಿಸಿ ನಾನು ಅವನನ್ನು ಹಿಂದಿನ ಬೆಂಚಿಗೆ ಕಳುಹಿಸಿದೆನು. ಆ ವರ್ಷವೇ ಊರಿನ ಶ್ರೀಮಂತರೊಬ್ಬರ ಮಗನು ಹೊಸ ಕನ್ನಡಕವನ್ನು ಹಾಕಿಕೊಂಡು ಬಂದಿದ್ದನು. ಕೆಲವು ದಿನಗಳಮೇಲೆ ದರ್ಜಿಯು ಶಾಲೆಯ ಬಾಗಿಲಿಗೆ ಬಂದು, "ಮೇಷ್ಟ್ರೇ, ಹುಡುಗ ಕನ್ನಡಕ ಬೇಕು ಅಂತಾನೆ. ಪಟ್ಟಣಕ್ಕೆ ಕರೆದುಕೊಂಡು ಹೋಗೋದಾದರೆ ಒಂದು ವಾರದ ದುಡಿಮೆ ಹೋಗುತ್ತೆ. ತಾವು ತಿಳಿದವರು, ಅದು ಬೇಕೇ ಬೇಕಾ ಹೇಳಿ" ಎಂದನು. ನಾನು ಒಂದು ಕ್ಷಣವೂ ಯೋಚಿಸದೆ, "ಶೋಕಿ ಕಣಪ್ಪಾ, ಇನ್ನೊಬ್ಬನನ್ನು ನೋಡಿ ಕೇಳುತ್ತಾನೆ. ಈಗ ಬೇಡ" ಎಂದುಬಿಟ್ಟೆನು. ಅವನು ಕೈಮುಗಿದು ಹೊರಟುಹೋದನು. ಹುಡುಗನು ಆ ವರ್ಷದ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಶಾಲೆಯನ್ನು ಬಿಟ್ಟು ತಂದೆಯ ಹೊಲಿಗೆಯಂತ್ರದ ಮುಂದೆ ಕುಳಿತನು. ಮರುವರ್ಷ ಊರಿನಲ್ಲಿ ನೇತ್ರಶಿಬಿರವು ನಡೆದಾಗ ಅವನಿಗೆ ಬಲವಾದ ಹ್ರಸ್ವದೃಷ್ಟಿಯೆಂದು ತಿಳಿದುಬಂತು. ಹೊಲಿಗೆಗೆ ಹತ್ತಿರದ ನೋಟವು ಸಾಕು; ಸೂಜಿಗೆ ದಾರ ಪೋಣಿಸುವುದರಲ್ಲಿ ಅವನಿಗೆ ಯಾವ ತೊಂದರೆಯೂ ಇರಲಿಲ್ಲ. ಆದುದರಿಂದ ಮನೆಯಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ. ಕಂಡುಹಿಡಿಯಬೇಕಾಗಿದ್ದವನು ದಿನವೂ ಹಲಗೆಯ ಪಕ್ಕದಲ್ಲಿ ನಿಂತಿದ್ದ ನಾನು.

ನಾನು ಮಾಡಿದ ತಪ್ಪನ್ನು ಬಹಳಕಾಲ ಅಜ್ಞಾನವೆಂದು ಸಮಾಧಾನಮಾಡಿಕೊಂಡಿದ್ದೆನು. ಅಮೆರಿಕಾದ ಆ ಪಟ್ಟಿಯನ್ನು ನೋಡಿದಾಗ ಅದು ಅಜ್ಞಾನಮಾತ್ರವಲ್ಲವೆಂದು ಅರಿವಾಯಿತು. ಕನ್ನಡಕವೆಂಬ ವಸ್ತುವಿಗೆ ನನ್ನ ಮನಸ್ಸಿನಲ್ಲಿ ಒಂದು ಪಟ್ಟಿಯಿತ್ತು: ಮುದುಕರಿಗಾದರೆ ಬೇಕಾದುದು, ಹುಡುಗರಿಗಾದರೆ ಶೋಕಿ. ಹುಡುಗನನ್ನು ಕರೆದು, ಮಗು, ನಿನಗೆ ಇಲ್ಲಿಂದ ಏನು ಕಾಣುತ್ತದೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಒಂದು ನಿಮಿಷದ ಕೆಲಸವಾಗುತ್ತಿತ್ತು. ಪಟ್ಟಿಯಿದ್ದವನಿಗೆ ಕೇಳುವ ಅಗತ್ಯವು ತೋರುವುದಿಲ್ಲ; ಪಟ್ಟಿಯ ಉಪಯೋಗವೂ ಅದೇ, ಅಪಾಯವೂ ಅದೇ.

ಆದುದರಿಂದ ನನ್ನ ಸಿದ್ಧಾಂತವನ್ನು ಹೀಗೆ ನಿವೇದಿಸುತ್ತೇನೆ. ಸಾಮಾನ್ಯನಿಧಿಯುಳ್ಳ ಕಡೆ ಗೆರೆಯು ಇದ್ದೇ ಇರಬೇಕು. ಇಲ್ಲದಿದ್ದರೆ ನಿಧಿಯೇ ನಿಲ್ಲದು. ಆದರೆ ಗೆರೆಯನ್ನು ದಾಟಿ ಬಂದು ತನ್ನ ಕಷ್ಟವನ್ನು ಹೇಳಿಕೊಳ್ಳಲು ಒಂದು ಬಾಗಿಲೂ ಇರಬೇಕು. ಆ ಬಾಗಿಲಲ್ಲಿ ಕುಳಿತವನು ಮಾರುವವನಾಗಿರಬಾರದು. ಕೇಳುವವನೂ ತನ್ನೊಳಗೆ ಪ್ರಾಮಾಣಿಕನಾಗಿದ್ದು, ಅಲಂಕಾರಕ್ಕೆ ಅಂಗವೆಂಬ ಹೆಸರಿಟ್ಟು ಇತರರ ಹಣವನ್ನು ಬೇಡಬಾರದು. ನಮ್ಮ ಮನೆಗಳಲ್ಲಿ ಯಾವ ವಿಷನ್ ಪ್ಲಾನೂ ಇಲ್ಲದಿರಬಹುದು. ಆದರೂ ಮಗುವಿಗೆ, ಸೊಸೆಗೆ, ಮುದಿತಾಯಿಗೆ ಇದು ಬೇಕು, ಇದು ಬೇಡವೆಂದು ಪಟ್ಟಿ ಬರೆಯತಕ್ಕ ಯಜಮಾನರು ನಾವೆಲ್ಲರೂ ಆಗಿರುವೆವು.

ಅಂಗಡಿಯಲ್ಲಿ ಮಗಳು ಕೇಳಿದ ಪ್ರಶ್ನೆಗೆ ನಾನು ಕೊನೆಗೆ ಹೇಳಿದ್ದಿಷ್ಟು: "ನನಗೆ ತಿಳಿಯದಮ್ಮಾ. ರಾತ್ರಿ ಬರುವಾಗ ನಿನಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ, ಅದನ್ನು ಮೊದಲು ಹೇಳು." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಎದುರು ಗಾಡಿಗಳ ದೀಪಗಳು ಎರಡೆರಡಾಗಿ ತೋರುವುದನ್ನೂ, ಮಳೆಯ ರಾತ್ರಿಗಳಲ್ಲಿ ಹೆದ್ದಾರಿಯ ಗೆರೆಯೇ ಕಾಣದೆ ಎರಡು ಸಲ ಬದಿಯಲ್ಲಿ ಗಾಡಿಯನ್ನು ನಿಲ್ಲಿಸಿದ್ದನ್ನೂ ಹೇಳಿದಳು. ಇದಾವುದನ್ನೂ ಅವಳು ನಮಗೆ ಅದುವರೆಗೆ ಹೇಳಿರಲಿಲ್ಲ. ಪ್ರತಿಫಲನವನ್ನು ತಡೆಯುವ ಲೇಪವನ್ನು ನಡುವಣ ದರ್ಜೆಯದನ್ನು ಬರೆಸಿದೆವು, ನೀಲಿಯದನ್ನು ಬೇಡವೆಂದೆವು. ಹಣವನ್ನು ಅವಳೇ ಕೊಟ್ಟಳು.